ಯುವ ವಕೀಲರ ಮಾನವ ಹಕ್ಕು ಫೆಲೋಶಿಪ್‌ಗಳು: ವಿದೇಶಿ ಕ್ಷೇತ್ರಕಾರ್ಯ

ಕಾನೂನು ಪದವಿ ಪಡೆದು ಹೆಚ್ಚು ವರ್ಷ ಕಳೆಯದ ವಕೀಲರು ಪರದೇಶಕ್ಕೆ ಹೋಗಿ, ಅಲ್ಲಿನ ಮಾನವ ಹಕ್ಕು ಸಂಸ್ಥೆಯೊಂದರ ಜೊತೆ ಗೊತ್ತಾದ ಅವಧಿಯವರೆಗೆ ದುಡಿಯಲು ದೊರೆಯುವ ಧನಸಹಾಯ. ಅವಧಿ ಕೆಲವು ವಾರಗಳಿಂದ ಎರಡು ವರ್ಷಗಳವರೆಗೆ ಇರಬಹುದು. ಒಂದು ವರ್ಷದ್ದು ಹೆಚ್ಚು ಬಳಕೆಯಲ್ಲಿದೆ. ಸಂತ್ರಸ್ತರ ಮತ್ತು ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದು, ಜೈಲು ಹಾಗೂ ನಿರಾಶ್ರಿತರ ಶಿಬಿರಗಳಿಗೆ ಭೇಟಿ ಕೊಡುವುದು, ನ್ಯಾಯಾಲಯದ ವಿಚಾರಣೆಯನ್ನು ಕೂತು ನೋಡಿ ವರದಿ ಮಾಡುವುದು, ಸ್ಥಳೀಯ ವಕೀಲರಿಗೆ ಅಂತರರಾಷ್ಟ್ರೀಯ ಕಾನೂನಿನ ಟಿಪ್ಪಣಿ ಒದಗಿಸುವುದು, ವಿಶ್ವಸಂಸ್ಥೆಯ ಸಮಿತಿಗಳಿಗೆ ದೂರು ಸಿದ್ಧಪಡಿಸುವುದು ಇದರಲ್ಲಿ ಬರುವ ಮುಖ್ಯ ಕೆಲಸಗಳು.

ವಿದ್ಯಾರ್ಥಿವೇತನ ಸಿಗುವುದು ಪದವಿಯ ಓದಿಗೆ. ಇಂಟರ್ನ್‌ಶಿಪ್‌ನಲ್ಲಿ ಕೆಲಸವನ್ನು ಸಂಸ್ಥೆ ಹಂಚುತ್ತದೆ, ಸಂಬಳ ಇರುವುದೂ ಇಲ್ಲದಿರುವುದೂ ಉಂಟು. ಫೆಲೋಶಿಪ್‌ಗೆ ಅರ್ಜಿ ಹಾಕುವವರು ಮಾತ್ರ ಯಾವ ದೇಶ, ಯಾವ ಸಮಸ್ಯೆ, ಯಾವ ಸಂಸ್ಥೆ, ಏನು ಫಲ ಎಂಬ ಯೋಜನೆಯನ್ನು ಸಾಮಾನ್ಯವಾಗಿ ತಾವೇ ಬರೆದು ತರಬೇಕು. ಮಾನವ ಹಕ್ಕು ಮೊಕದ್ದಮೆಗಳು ಹತ್ತಾರು ವರ್ಷ ನಡೆಯುತ್ತವೆ, ಫೆಲೋ ಇರುವುದು ಒಂದು ವರ್ಷ. ಈ ಅಂತರವನ್ನು ತುಂಬುವವರು ಸ್ಥಳೀಯ ವಕೀಲರು. ಇಂಥ ಫೆಲೋಶಿಪ್‌ಗಳ ಸಫಲತೆ ವಿಫಲತೆಗಳೆಲ್ಲ ಬಹುಮಟ್ಟಿಗೆ ಆ ಸಂಬಂಧವನ್ನೇ ಅವಲಂಬಿಸಿವೆ.

ಹಿನ್ನೆಲೆ

ವಕೀಲರು ಪರದೇಶದ ನ್ಯಾಯಾಲಯಕ್ಕೆ ಹೋಗಿ ವಿಚಾರಣೆ ಗಮನಿಸುವ ಪದ್ಧತಿ ಫೆಲೋಶಿಪ್‌ಗಳಿಗಿಂತ ಹಳೆಯದು. 1952ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕಮಿಷನ್ ಆಫ್ ಜೂರಿಸ್ಟ್ಸ್ ಮತ್ತು 1961ರಲ್ಲಿ ಲಂಡನ್ನಿನ ವಕೀಲ ಪೀಟರ್ ಬೆನೆನ್ಸನ್ ಆರಂಭಿಸಿದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎರಡೂ ರಾಜಕೀಯ ಖೈದಿಗಳ ವಿಚಾರಣೆಗೆ ವೀಕ್ಷಕರನ್ನು ಕಳಿಸುತ್ತಿದ್ದವು. ಹಾಗೆ ಹೋಗುತ್ತಿದ್ದವರಲ್ಲಿ ಹೆಸರು ಮಾಡಿದ ಹಿರಿಯರೇ ಹೆಚ್ಚು. ಅವರ ತಂಗುವಿಕೆ ಕೆಲವೇ ದಿನಗಳದ್ದು.

ಕಿರಿಯರನ್ನು ದೀರ್ಘಕಾಲ ಹೊರಗೆ ಕಳಿಸುವ ಪ್ರಯೋಗ ಬೇರೆ ದಿಕ್ಕಿನಿಂದ ಬಂತು. 1960ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದಿಂದ ಅಮೆರಿಕದ ಕಾನೂನು ಪದವೀಧರರು ಹೊಸದಾಗಿ ಸ್ವತಂತ್ರವಾದ ಆಫ್ರಿಕನ್ ದೇಶಗಳ ಕಾನೂನು ಕಾಲೇಜುಗಳಲ್ಲಿ ಪಾಠ ಹೇಳಲು ಹೋದರು. ಅಮೆರಿಕದ ಕಾನೂನು ಶಿಕ್ಷಣವನ್ನು ನೆಟ್ಟರೆ ಅಭಿವೃದ್ಧಿ ತಾನಾಗಿ ಚಿಗುರುತ್ತದೆ ಎಂಬ ಆಗಿನ ನಂಬಿಕೆ ಬಹುಕಾಲ ಬಾಳಲಿಲ್ಲ. 1974ರಲ್ಲಿ ಡೇವಿಡ್ ಟ್ರೂಬೆಕ್ ಮತ್ತು ಮಾರ್ಕ್ ಗ್ಯಾಲಂಟರ್ ತಾವೂ ಪಾಲ್ಗೊಂಡಿದ್ದ ಆ ಚಳವಳಿಯ ಪೂರ್ವಗ್ರಹಗಳನ್ನು ತಾವೇ ಬಿಡಿಸಿಟ್ಟು ಬರೆದರು. ಭಾರತದ ನ್ಯಾಯಾಂಗವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಗ್ಯಾಲಂಟರ್ ಈ ಪ್ರಬಂಧದ ಸಹಲೇಖಕರಾಗಿದ್ದುದು ಗಮನಾರ್ಹ.

1975ರ ಹೆಲ್ಸಿಂಕಿ ಒಪ್ಪಂದ ಮಾನವ ಹಕ್ಕುಗಳನ್ನು ಅಂತರರಾಷ್ಟ್ರೀಯ ಮಾತುಕತೆಯ ಮೇಜಿಗೆ ತಂದಿತು. 1978ರಲ್ಲಿ ನ್ಯೂಯಾರ್ಕ್‌ನಲ್ಲಿ ಹೆಲ್ಸಿಂಕಿ ವಾಚ್ ಹುಟ್ಟಿತು. ಅದೇ ಮುಂದೆ ಹ್ಯೂಮನ್ ರೈಟ್ಸ್ ವಾಚ್ ಆಯಿತು. ಈಗ ಹ್ಯೂಮನ್ ರೈಟ್ಸ್ ಫಸ್ಟ್ ಎನಿಸಿಕೊಂಡಿರುವ ವಕೀಲರ ಸಮಿತಿಯೂ ಅದೇ ವರ್ಷದ್ದು. ಕಾನೂನು ಶಾಲೆಗಳೂ ಹಿಂದೆ ಬೀಳಲಿಲ್ಲ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಅರ್ಬನ್ ಮಾರ್ಗನ್ ಸಂಸ್ಥೆ, ಹಾರ್ವರ್ಡ್‌ನಲ್ಲಿ 1984ರಲ್ಲಿ ಮಾನವ ಹಕ್ಕು ವಿಭಾಗ, ಯೇಲ್‌ನಲ್ಲಿ 1989ರಲ್ಲಿ ಶೆಲ್ ಕೇಂದ್ರ ಆರಂಭವಾದವು. ಈ ವಿಷಯ ಓದಿದವರಿಗೆ ಪದವಿಯ ನಂತರ ಕೆಲಸವೆಲ್ಲಿ ಎಂಬ ಪ್ರಶ್ನೆಗೆ ಫೆಲೋಶಿಪ್‌ಗಳು ಒಂದು ಉತ್ತರವಾದವು.

1990ರ ದಶಕದಲ್ಲಿ ಬೇಡಿಕೆ ಒಮ್ಮೆಲೇ ಏರಿತು. ಪೂರ್ವ ಯುರೋಪಿನ ಕಮ್ಯುನಿಸ್ಟ್ ಸರ್ಕಾರಗಳು ಬಿದ್ದ ಬೆನ್ನಿಗೇ, 1990ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ತನ್ನ ವಕೀಲರನ್ನು ಸ್ವಯಂಸೇವಕರಾಗಿ ಅಲ್ಲಿಗೆ ಕಳಿಸುವ ಕಾರ್ಯಕ್ರಮ ಕೈಗೊಂಡಿತು. 1993ರಲ್ಲಿ ಹಿಂದಿನ ಯುಗೊಸ್ಲಾವಿಯಕ್ಕೂ 1994ರಲ್ಲಿ ರುವಾಂಡಕ್ಕೂ ವಿಶ್ವಸಂಸ್ಥೆಯ ನ್ಯಾಯಮಂಡಳಿಗಳು ರಚನೆಯಾದವು. 2002ರ ಜುಲೈ 1ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸಂವಿಧಿ ಜಾರಿಗೆ ಬಂತು. ಸಾಕ್ಷ್ಯ ಸಂಗ್ರಹಿಸಬಲ್ಲ, ಹಳ್ಳಿಗಳಲ್ಲಿ ಓಡಾಡಬಲ್ಲ ಕಿರಿಯ ವಕೀಲರು ಎಲ್ಲೆಡೆ ಬೇಕಾದರು.

ಬಗೆಗಳು

ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ ಇವನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾನೂನು ಶಾಲೆಗಳು ತಮ್ಮ ಪದವೀಧರರಿಗೇ ಕೊಡುವಂಥದ್ದು. ಯೇಲ್ ಕಾನೂನು ಶಾಲೆಯ ಬರ್ನ್‌ಸ್ಟೈನ್ ಫೆಲೋಶಿಪ್ 1997ರಲ್ಲಿ ಶುರುವಾಯಿತು. ಪ್ರಕಾಶಕರೂ ಹ್ಯೂಮನ್ ರೈಟ್ಸ್ ವಾಚ್‌ನ ಸ್ಥಾಪಕ ಅಧ್ಯಕ್ಷರೂ ಆಗಿದ್ದ ರಾಬರ್ಟ್ ಬರ್ನ್‌ಸ್ಟೈನ್ ಅವರ ಹೆಸರನ್ನು ಅದು ಹೊತ್ತಿದೆ. ಮಹಿಳಾ ಹಕ್ಕು ಮತ್ತು ಜಾಗತಿಕ ನ್ಯಾಯಕ್ಕೆ ಮೀಸಲಾದ ಗ್ರೂಬರ್ ಫೆಲೋಶಿಪ್ ಕೂಡ ಅಲ್ಲಿಯದೇ. ಹಾರ್ವರ್ಡ್‌ನಲ್ಲಿ ಹೆನಿಗ್‌ಸನ್ ಮತ್ತು ಸ್ಯಾಟರ್ ಎಂಬ ಎರಡಿವೆ. ಹೆನಿಗ್‌ಸನ್‌ನ ಗಮನ ಅಭಿವೃದ್ಧಿಶೀಲ ದೇಶಗಳ ಸಂಸ್ಥೆಗಳ ಮೇಲೆ, ಸ್ಯಾಟರ್‌ನ ಗಮನ ಸಾಮೂಹಿಕ ದೌರ್ಜನ್ಯ ನಡೆದ ಪ್ರದೇಶಗಳ ಮೇಲೆ.

ಎರಡನೆಯದು ಆತಿಥೇಯ ಸಂಸ್ಥೆಯೇ ನಡೆಸುವಂಥದ್ದು. ಹ್ಯೂಮನ್ ರೈಟ್ಸ್ ವಾಚ್‌ನ ಫಿನ್‌ಬರ್ಗ್ ಫೆಲೋಶಿಪ್ ಮತ್ತು ಕೊಲಂಬಿಯ ಕಾನೂನು ಶಾಲೆಯ ಪದವೀಧರರಿಗೆ ಮೀಸಲಾದ ಸ್ಯಾಂಡ್ಲರ್ ಫೆಲೋಶಿಪ್ ಈ ಗುಂಪಿನವು. ಇಲ್ಲಿ ಫೆಲೋ ಒಂದು ವರ್ಷದ ಮಟ್ಟಿಗೆ ಸಂಸ್ಥೆಯ ಸಂಶೋಧಕನೇ ಆಗುತ್ತಾನೆ: ಸ್ಥಳಕ್ಕೆ ಹೋಗಿ ತನಿಖೆ ನಡೆಸುತ್ತಾನೆ, ವರದಿ ಬರೆಯುತ್ತಾನೆ, ಅದರ ಪರವಾಗಿ ಅಧಿಕಾರಿಗಳ ಮುಂದೆ ವಾದಿಸುತ್ತಾನೆ.

ಮೂರನೆಯದು ಸರ್ಕಾರ ಹಾಗೂ ವಕೀಲರ ಸಂಘಗಳ ನೆರವಿನದು. ಕೆನಡಾದ ಬಾರ್ ಅಸೋಸಿಯೇಷನ್ ಅಲ್ಲಿನ ಸರ್ಕಾರದ ಯುವಜನ ಯೋಜನೆಯ ಹಣದಿಂದ 30 ವರ್ಷದೊಳಗಿನ ವಕೀಲರನ್ನು ಆಫ್ರಿಕ, ಏಷ್ಯಗಳ ಸಂಸ್ಥೆಗಳಿಗೆ ಕಳಿಸುತ್ತ ಬಂತು. ಇಂಗ್ಲೆಂಡಿನ ಇನ್ಸ್ ಆಫ್ ಕೋರ್ಟ್‌ಗಳು 1987ರಲ್ಲಿ ಹುಟ್ಟುಹಾಕಿದ ಪೆಗಾಸಸ್ ಟ್ರಸ್ಟ್ ಕಿರಿಯ ಬ್ಯಾರಿಸ್ಟರುಗಳನ್ನು ಇತರ ದೇಶಗಳ ನ್ಯಾಯವ್ಯವಸ್ಥೆ ನೋಡಿ ಬರಲು ಕಳಿಸುತ್ತದೆ. ಜರ್ಮನಿಯಲ್ಲಿ ಕಾನೂನು ಪದವೀಧರರು ಕಡ್ಡಾಯವಾಗಿ ಮಾಡಬೇಕಾದ ಎರಡು ವರ್ಷಗಳ ತರಬೇತಿಯಲ್ಲೇ ಕೆಲವು ತಿಂಗಳನ್ನು ವಿದೇಶದಲ್ಲಿ ಕಳೆಯಲು ಅವಕಾಶವಿದೆ.

ನಾಲ್ಕನೆಯದು ಹೊಸ ಸಂಸ್ಥೆ ಕಟ್ಟಲು ಸಿಗುವ ಬೀಜಧನ. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಎಕೋಯಿಂಗ್ ಗ್ರೀನ್ ಇದಕ್ಕೆ ಹೆಸರಾಗಿದೆ. ಐದನೆಯದು ಸಣ್ಣ ಅನುದಾನ: ವಿಮಾನದ ಟಿಕೆಟ್ಟು, ವಸತಿ, ದುಭಾಷಿಯ ಖರ್ಚು ಇಷ್ಟಕ್ಕೆ ಸಾಲುವ, ಕೆಲವು ವಾರಗಳ ಕೆಲಸಕ್ಕೆ ದೊರೆಯುವ ಹಣ. ಇದರ ಒಳ್ಳೆಯ ಮಾದರಿ ಹೆಲ್ಟನ್ ಫೆಲೋಶಿಪ್.

ಹೆಲ್ಟನ್ ಫೆಲೋಶಿಪ್

ಆರ್ಥರ್ ಹೆಲ್ಟನ್ ಅಮೆರಿಕದ ನಿರಾಶ್ರಿತರ ಕಾನೂನಿನ ಪರಿಣತ. 1980ರ ದಶಕದಿಂದ ನ್ಯೂಯಾರ್ಕ್‌ನ ವಕೀಲರ ಸಮಿತಿಯಲ್ಲಿ ನಿರಾಶ್ರಿತರ ವಿಭಾಗವನ್ನು ನಡೆಸಿದರು. ಆಶ್ರಯ ಕೇಳಿ ಬಂದವರ ಪರವಾಗಿ ಶುಲ್ಕವಿಲ್ಲದೆ ವಾದಿಸುವ ವಕೀಲರ ಬಳಗ ಕಟ್ಟಿದರು. 1994ರಲ್ಲಿ ಓಪನ್ ಸೊಸೈಟಿ ಸಂಸ್ಥೆಯಲ್ಲಿ ಬಲವಂತದ ವಲಸೆಯನ್ನು ಕುರಿತ ಯೋಜನೆ ಆರಂಭಿಸಿದರು. ಮಾನವೀಯ ನೆರವಿನ ವ್ಯವಸ್ಥೆಯನ್ನು ಪರಿಶೀಲಿಸಿದ ಅವರ ಪುಸ್ತಕ 2002ರಲ್ಲಿ ಹೊರಬಂತು.

2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲ್‌ನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಟ್ರಕ್ ಬಾಂಬ್ ದಾಳಿ ನಡೆದಾಗ ಹೆಲ್ಟನ್ ಅಲ್ಲಿದ್ದರು. ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೇರಾ ಡಿ ಮೆಲ್ಲೊ ಅವರನ್ನು ಭೇಟಿಯಾಗಲು ವಿದ್ವಾಂಸ ಗಿಲ್ ಲೋಶರ್ ಜೊತೆ ಹೋಗಿದ್ದರು. ಡಿ ಮೆಲ್ಲೊ ಮತ್ತು ಹೆಲ್ಟನ್ ಸೇರಿ 22 ಮಂದಿ ಸತ್ತರು. ಲೋಶರ್ ಎರಡೂ ಕಾಲು ಕಳೆದುಕೊಂಡು ಬದುಕಿ ಉಳಿದರು. ಹೆಲ್ಟನ್ ಅವರಿಗೆ ಆಗ 54 ವರ್ಷ. ಆಗಸ್ಟ್ 19 ಈಗ ವಿಶ್ವ ಮಾನವೀಯ ದಿನ.

1906ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೊಸೈಟಿ ಆಫ್ ಇಂಟರ್‌ನ್ಯಾಷನಲ್ ಲಾ ಅವರ ನೆನಪಿಗಾಗಿ ಈ ಫೆಲೋಶಿಪ್ ಏರ್ಪಡಿಸಿತು. ಕಾನೂನು ವಿದ್ಯಾರ್ಥಿಗಳೂ ವೃತ್ತಿಗೆ ಹೊಸದಾಗಿ ಬಂದವರೂ ಅಂತರರಾಷ್ಟ್ರೀಯ ಕಾನೂನು, ಮಾನವ ಹಕ್ಕು, ಮಾನವೀಯ ನೆರವು ಈ ವಿಷಯಗಳಲ್ಲಿ ಕ್ಷೇತ್ರಕಾರ್ಯ ಮಾಡಲು ಸಣ್ಣ ಮೊತ್ತ ಸಿಗುತ್ತದೆ. ಇಡೀ ವರ್ಷದ ಸಂಬಳ ಕೊಡುವ ದೊಡ್ಡ ಫೆಲೋಶಿಪ್‌ಗಳು ಬೆರಳೆಣಿಕೆಯ ಕಾನೂನು ಶಾಲೆಗಳ ಪದವೀಧರರ ಕೈಗಷ್ಟೇ ಎಟಕುವಾಗ, ಇಂಥ ಚಿಕ್ಕ ಅನುದಾನ ಹೆಚ್ಚು ಜನರಿಗೆ ಬಾಗಿಲು ತೆರೆಯುತ್ತದೆ. ಆದರೆ ಕೆಲವು ವಾರಗಳಲ್ಲಿ ಮುಗಿಯಬಲ್ಲ, ಗಡಿ ಗೊತ್ತಿರುವ ಕೆಲಸವನ್ನೇ ಇಲ್ಲಿ ಆರಿಸಿಕೊಳ್ಳಬೇಕಾಗುತ್ತದೆ. ಉಳಿದ ಖರ್ಚಿಗೆ ಬೇರೆ ದಾರಿಯನ್ನೂ ನೋಡಬೇಕಾಗುತ್ತದೆ.

ಆಯ್ಕೆ ಮತ್ತು ಹಣಕಾಸು

ಅರ್ಜಿಯಲ್ಲಿ ಸಾಮಾನ್ಯವಾಗಿ ಕೆಲಸದ ಯೋಜನೆ, ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ, ಖರ್ಚಿನ ಅಂದಾಜು, ಶಿಫಾರಸು ಪತ್ರ, ಭಾಷಾಜ್ಞಾನದ ವಿವರ ಇರುತ್ತವೆ. ತೂಕ ಹೆಚ್ಚಿರುವುದು ಒಪ್ಪಿಗೆ ಪತ್ರಕ್ಕೆ. ನಿಮ್ಮನ್ನು ಕೂಡಿಸಿಕೊಳ್ಳುತ್ತೇವೆ ಎಂದಷ್ಟೇ ಹೇಳುವ ಪತ್ರಕ್ಕೂ, ಈ ಮೊಕದ್ದಮೆಯಲ್ಲಿ ಈ ಕೆಲಸಕ್ಕೆ ಜನ ಬೇಕು, ಇಂಥವರ ಮೇಲ್ವಿಚಾರಣೆಯಲ್ಲಿ ನಡೆಯುತ್ತದೆ ಎಂದು ವಿವರಿಸುವ ಪತ್ರಕ್ಕೂ ಬಹಳ ಅಂತರವಿದೆ.

ಹಣದ ಕಷ್ಟ ಎರಡು ಬಗೆಯದು. ಒಂದು, ಫೆಲೋನ ಸಾಲ. ಅಮೆರಿಕದ ಕಾನೂನು ಪದವೀಧರರಲ್ಲಿ ಹೆಚ್ಚಿನವರು ಶಿಕ್ಷಣಸಾಲ ಹೊತ್ತೇ ಹೊರಬರುತ್ತಾರೆ. 2007ರ ಕಾಯ್ದೆಯ ಪ್ರಕಾರ ಹತ್ತು ವರ್ಷ ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತು ಕಟ್ಟಿದವರಿಗೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುತ್ತದೆ. ಆದರೆ ಉದ್ಯೋಗ ಕೊಟ್ಟವರು ಅಲ್ಲಿನ ಸರ್ಕಾರವೋ ಅಲ್ಲಿನ ಕಾನೂನಿನಡಿಯ ಲಾಭರಹಿತ ಸಂಸ್ಥೆಯೋ ಆಗಿರಬೇಕು. ನೈರೋಬಿಯ ಅಥವಾ ಕಠ್ಮಂಡುವಿನ ಸ್ಥಳೀಯ ಸಂಸ್ಥೆಯಿಂದ ನೇರವಾಗಿ ಸಂಬಳ ಪಡೆದ ವರ್ಷ ಈ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯ ಕಷ್ಟ ಆತಿಥೇಯರದು. ಹಣ ಫೆಲೋನ ಹೆಸರಿಗೆ ಬರುತ್ತದೆ. ಅವನಿಗೆ ಮೇಜು, ವಾಹನ, ದುಭಾಷಿ, ಹಿರಿಯ ವಕೀಲರ ಸಮಯ ಇವೆಲ್ಲ ಸಂಸ್ಥೆಯ ತಲೆಯ ಮೇಲೆ ಬೀಳುತ್ತವೆ. ಹೊಸಬರಿಗೆ ಊರಿನ ಕಾನೂನು, ಭಾಷೆ, ಜನರ ಪರಿಚಯ ಮಾಡಿಸಿ ಮುಗಿಸುವಷ್ಟರಲ್ಲಿ ಅವರು ಹೊರಡುವ ಕಾಲ ಬಂದಿರುತ್ತದೆ. ಆತಿಥೇಯ ಸಂಸ್ಥೆಗೂ ಒಂದು ಪಾಲು ಕೊಡುವುದು, ಅವಧಿಯನ್ನು ಎರಡು ವರ್ಷಕ್ಕೆ ಹಿಗ್ಗಿಸುವುದು, ಹೋದವರ ಜಾಗಕ್ಕೆ ಮುಂದಿನ ವರ್ಷ ಮತ್ತೊಬ್ಬರನ್ನು ಕಳಿಸುವ ಭರವಸೆ ನೀಡುವುದು ಇದಕ್ಕೆ ಕಂಡುಕೊಂಡ ಪರಿಹಾರಗಳು.

ಕ್ಷೇತ್ರದಲ್ಲಿನ ಕೆಲಸ

ವಕೀಲಿಕೆಯ ಸನ್ನದು ದೇಶದ ಗಡಿ ದಾಟುವುದಿಲ್ಲ. ಬೇರೆ ದೇಶದ ನ್ಯಾಯಾಲಯದಲ್ಲಿ ಫೆಲೋ ಕಕ್ಷಿದಾರರ ಪರವಾಗಿ ನಿಲ್ಲುವಂತಿಲ್ಲ, ಬಹುತೇಕ ಕಡೆ ಸ್ಥಳೀಯ ಕಾನೂನಿನ ಬಗ್ಗೆ ಸಲಹೆ ಕೊಡುವಂತೆಯೂ ಇಲ್ಲ. ಹಾಗಾಗಿ ಅವರ ಕೆಲಸ ನ್ಯಾಯಾಲಯದ ಹೊರಗಿನದು. ಅದು ಮೊಕದ್ದಮೆಗೆ ಬೇಕಾದ ಸಾಮಗ್ರಿ ಒದಗಿಸುವ ಕೆಲಸ.

ಅದರಲ್ಲಿ ಮುಖ್ಯವಾದದ್ದು ಹೇಳಿಕೆ ದಾಖಲಿಸುವುದು. ಸಾಕ್ಷಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಪಡೆಯಬೇಕು. ಹೇಳಿಕೆ ಎಲ್ಲಿ ಬಳಕೆಯಾಗುತ್ತದೆ, ಹೆಸರು ಹೊರಬಿದ್ದರೆ ಏನಾಗಬಹುದು ಎಂದು ವಿವರಿಸಬೇಕು. ಪರಿಹಾರ ಸಿಕ್ಕೇ ಸಿಗುತ್ತದೆಂದು ಆಸೆ ಹುಟ್ಟಿಸಬಾರದು. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಒಬ್ಬ ಸಂತ್ರಸ್ತೆಯನ್ನು ಐದಾರು ಸಂಸ್ಥೆಗಳು ಸರದಿಯಂತೆ ಪ್ರಶ್ನಿಸಿದರೆ ಆಕೆಯ ನೋವು ಕೆದಕಿದಂತಾಗುವುದಷ್ಟೇ ಅಲ್ಲ, ಹೇಳಿಕೆಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಎದುರು ವಕೀಲರು ಪಾಟೀಸವಾಲಿನಲ್ಲಿ ಸಾಕ್ಷ್ಯವನ್ನೇ ಉರುಳಿಸಬಹುದು.

ಈ ಕೆಲಸಕ್ಕೆ ಕಾಲಕ್ರಮದಲ್ಲಿ ಕಟ್ಟುಪಾಡುಗಳು ರೂಪುಗೊಂಡಿವೆ. ಚಿತ್ರಹಿಂಸೆಯ ತನಿಖೆಗೆ 1999ರ ಇಸ್ತಾಂಬುಲ್ ಶಿಷ್ಟಾಚಾರವಿದ್ದು, 2022ರಲ್ಲಿ ಪರಿಷ್ಕರಣೆಗೊಂಡಿತು. ಕಾನೂನುಬಾಹಿರ ಹತ್ಯೆಗಳ ತನಿಖೆಗೆ ಮಿನೆಸೋಟ ಶಿಷ್ಟಾಚಾರ, ಸರ್ಕಾರೇತರ ಸಂಸ್ಥೆಗಳ ಸತ್ಯಶೋಧನೆಗೆ 2009ರ ಲುಂಡ್-ಲಂಡನ್ ಮಾರ್ಗಸೂಚಿ ಇವೆ. ಮೊಬೈಲ್ ವಿಡಿಯೊ, ಉಪಗ್ರಹ ಚಿತ್ರಗಳಂಥ ಡಿಜಿಟಲ್ ಸಾಕ್ಷ್ಯಕ್ಕೆ 2020ರಲ್ಲಿ ಬರ್ಕ್ಲಿ ಶಿಷ್ಟಾಚಾರ ಬಂತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೇಳಿಕೆ ಪಡೆಯುವವರಿಗೆ 2022ರ ಮುರಾದ್ ಸಂಹಿತೆ ದಾರಿ ತೋರುತ್ತದೆ. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಯಜೀದಿ ಮಹಿಳೆ ನಾದಿಯಾ ಮುರಾದ್ ಅವರಿಂದ ಅದಕ್ಕೆ ಆ ಹೆಸರು.

ನಿದರ್ಶನಗಳು

ಚಾಡ್: 1982ರಿಂದ 1990ರವರೆಗೆ ಚಾಡ್ ದೇಶವನ್ನು ಆಳಿದ ಹಿಸ್ಸೆನ್ ಹಾಬ್ರೆ, ಪದಚ್ಯುತನಾದ ಮೇಲೆ ಸೆನೆಗಲ್‌ಗೆ ಓಡಿಹೋದ. ಅವನ ಸೆರೆಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದು ಬದುಕಿ ಬಂದ ಸುಲೈಮಾನ್ ಗೆಂಗೆಂಗ್ ಸಂಗಾತಿಗಳ ಜೊತೆ ಸೇರಿ 792 ಸಂತ್ರಸ್ತರ ಹೇಳಿಕೆ ಸಂಗ್ರಹಿಸಿ ಬಚ್ಚಿಟ್ಟಿದ್ದರು. 1999ರಲ್ಲಿ ಚಾಡ್‌ನ ವಕೀಲೆ ಡೆಲ್ಫಿನ್ ಜಿರೈಬೆ ಹ್ಯೂಮನ್ ರೈಟ್ಸ್ ವಾಚ್‌ನ ನೆರವು ಕೇಳಿದರು. ಹಾರ್ವರ್ಡ್ ಕಾನೂನು ಶಾಲೆಯ ಇಬ್ಬರು ಯುವ ಸಂಶೋಧಕರು ಗುಟ್ಟಾಗಿ ಚಾಡ್‌ಗೆ ಹೋದಾಗ ಆ ಕಡತಗಳು ಅವರ ಕೈಸೇರಿದವು. 2000ದ ಆರಂಭದಲ್ಲಿ ಡಕಾರ್‌ನಲ್ಲಿ ದೂರು ದಾಖಲಾಯಿತು. 2001ರಲ್ಲಿ ರಾಜಧಾನಿ ಎನ್‌ಜಮೇನಾದಲ್ಲಿ ಹಾಬ್ರೆಯ ಗುಪ್ತ ಪೊಲೀಸರು ಬಿಟ್ಟುಹೋಗಿದ್ದ ದಾಖಲೆಗಳ ರಾಶಿ ಸಿಕ್ಕಿತು. ಅದರಲ್ಲಿ 12,321 ಸಂತ್ರಸ್ತರ ಹೆಸರುಗಳಿದ್ದವು, ಅವರಲ್ಲಿ 1,208 ಮಂದಿ ಸೆರೆಯಲ್ಲಿ ಸತ್ತವರು ಅಥವಾ ಕೊಲೆಯಾದವರು. ಸಂತ್ರಸ್ತರ ವಕೀಲೆ ಜಾಕ್ಲಿನ್ ಮೂದೇನಾ ಅದೇ ವರ್ಷ ಗ್ರೆನೇಡ್ ದಾಳಿಯಲ್ಲಿ ಗಾಯಗೊಂಡರೂ ಮೊಕದ್ದಮೆ ಬಿಡಲಿಲ್ಲ. 2016ರ ಮೇ 30ರಂದು ಡಕಾರ್‌ನ ವಿಶೇಷ ಆಫ್ರಿಕನ್ ನ್ಯಾಯಪೀಠ ಹಾಬ್ರೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹೊರಗಿನಿಂದ ಬಂದ ಕಿರಿಯರ ಪಾತ್ರ ಅಲ್ಪಕಾಲದ್ದು, ಆದರೆ ನಿರ್ಣಾಯಕ. ಮೊದಲ ದೂರಿನಿಂದ ತೀರ್ಪಿನವರೆಗಿನ ಹದಿನಾರು ವರ್ಷವನ್ನು ಎಳೆದು ನಡೆಸಿದವರು ಗೆಂಗೆಂಗ್, ಮೂದೇನಾರಂಥವರು ಮತ್ತು ಅವರ ಜೊತೆ ನಿಂತ ಹ್ಯೂಮನ್ ರೈಟ್ಸ್ ವಾಚ್‌ನ ವಕೀಲ ರೀಡ್ ಬ್ರಾಡಿ.

ಮ್ಯಾನ್ಮಾರ್: ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ಕೇಟಿ ರೆಡ್‌ಫರ್ಡ್ ಮತ್ತು ಟೈಲರ್ ಜಿಯಾನೀನಿ, ಕರೆನ್ ಸಮುದಾಯದ ಹೋರಾಟಗಾರ ಕಾ ಸಾ ವಾ ಜೊತೆ ಸೇರಿ 1995ರಲ್ಲಿ ಅರ್ಥ್‌ರೈಟ್ಸ್ ಇಂಟರ್‌ನ್ಯಾಷನಲ್ ಕಟ್ಟಿದರು. ಎಕೋಯಿಂಗ್ ಗ್ರೀನ್ ಫೆಲೋಶಿಪ್ ಅದಕ್ಕೆ ಮೊದಲ ಆಸರೆ. ಯಾದನಾ ಅನಿಲ ಕೊಳವೆ ಮಾರ್ಗದ ಕಾವಲಿಗಿದ್ದ ಸೈನಿಕರು ಹಳ್ಳಿಗರಿಂದ ಬಿಟ್ಟಿ ಚಾಕರಿ ಮಾಡಿಸುತ್ತಿದ್ದರೆಂದು ಗ್ರಾಮಸ್ಥರು ಕೊಟ್ಟ ಹೇಳಿಕೆಗಳ ಆಧಾರದ ಮೇಲೆ 1996ರಲ್ಲಿ ಯುನೊಕಾಲ್ ಕಂಪನಿಯ ವಿರುದ್ಧ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 1789ರ ಹಳೆಯ ಕಾಯ್ದೆಯೊಂದನ್ನು ಬಳಸಿಕೊಂಡ ಈ ದಾವೆ 2005ರಲ್ಲಿ ರಾಜಿಯಲ್ಲಿ ಮುಗಿಯಿತು, ಹಳ್ಳಿಗರಿಗೆ ಪರಿಹಾರ ದೊರೆಯಿತು. ಅದೇ ಕಾಯ್ದೆಯ ವ್ಯಾಪ್ತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2013ರಿಂದೀಚೆಗೆ ಬಹಳ ಕಿರಿದು ಮಾಡಿದೆ.

ಸಿಯೆರಾ ಲಿಯೋನ್: 1991ರಿಂದ 2002ರವರೆಗೆ ಅಂತರ್ಯುದ್ಧ ನಡೆದ ಈ ದೇಶದಲ್ಲಿ ವಕೀಲರ ಸಂಖ್ಯೆ ತೀರಾ ಕಡಿಮೆ, ಇದ್ದವರಲ್ಲೂ ಹೆಚ್ಚಿನವರು ರಾಜಧಾನಿ ಫ್ರೀಟೌನ್‌ನಲ್ಲೇ ಇದ್ದರು. ಯೇಲ್‌ನಲ್ಲಿ ಕಾನೂನು ಓದಿದ, ಭಾರತೀಯ ಮೂಲದ ವಿವೇಕ್ ಮಾರೂ 2003ರಲ್ಲಿ ಅಲ್ಲಿಗೆ ಹೋಗಿ ಸ್ಥಳೀಯ ವಕೀಲ ಸಿಮಿಯನ್ ಕೊರೊಮಾ ಜೊತೆ ಟಿಮಾಪ್ ಫಾರ್ ಜಸ್ಟಿಸ್ ಆರಂಭಿಸಿದರು. ಹಳ್ಳಿಯವರಿಗೇ ಕಾನೂನಿನ ತಿಳಿವಳಿಕೆ ಕೊಟ್ಟು ಅರೆನ್ಯಾಯಿಕ ಕಾರ್ಯಕರ್ತರನ್ನಾಗಿ ತಯಾರು ಮಾಡುವುದು ಅದರ ವಿಧಾನ. 2012ರಲ್ಲಿ ಆ ದೇಶದ ಕಾನೂನು ನೆರವು ಕಾಯ್ದೆ ಇಂಥ ಕಾರ್ಯಕರ್ತರಿಗೆ ಮಾನ್ಯತೆ ಕೊಟ್ಟಿತು. ಮಾರೂ 2011ರಲ್ಲಿ ನಮತಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿಸಿದರು.

ಅಮೆರಿಕ: ಹೊರಗಿನ ನೆರವು ಬಡ ದೇಶಗಳಿಗೆ ಮಾತ್ರ ಹರಿಯುತ್ತದೆ ಎಂದೇನಿಲ್ಲ. ಬ್ರಿಟನ್ನಿನ ಆಮಿಕಸ್ ಎಂಬ ದತ್ತಿ ಸಂಸ್ಥೆ ಅಮೆರಿಕದ ಮರಣದಂಡನೆ ಪ್ರಕರಣಗಳಲ್ಲಿ ಆರೋಪಿಗಳ ಪರ ಕೆಲಸ ಮಾಡುವ ಕಚೇರಿಗಳಿಗೆ ಕಿರಿಯ ವಕೀಲರನ್ನು ತರಬೇತಿ ಕೊಟ್ಟು ಕಳಿಸುತ್ತದೆ. 1991ರಲ್ಲಿ ಲೂಸಿಯಾನದಲ್ಲಿ ಮರಣದಂಡನೆಗೆ ಗುರಿಯಾದ ಆಂಡ್ರ್ಯೂ ಲೀ ಜೋನ್ಸ್ ಅವರ ನೆನಪಿನಲ್ಲಿ ಹುಟ್ಟಿದ ನಿಧಿಯೇ ಇದರ ಮೂಲ. 2003ರ ವಿಗಿನ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆರೋಪಿಯ ಬಾಲ್ಯ ಮತ್ತು ಬದುಕಿನ ಹಿನ್ನೆಲೆಯನ್ನು ಸರಿಯಾಗಿ ತನಿಖೆ ಮಾಡದಿದ್ದುದು ವಕೀಲರ ಲೋಪವೆಂದು ಹೇಳಿತು. ಶಾಲೆಯ ದಾಖಲೆ, ಆಸ್ಪತ್ರೆಯ ಕಡತ ಹುಡುಕುವುದು, ನೆಂಟರಿಷ್ಟರ ಮನೆ ಬಾಗಿಲು ತಟ್ಟಿ ಮಾತಾಡಿಸುವುದು ಇಂಥ ತನಿಖೆಗೆ ಅಗತ್ಯ. ಸನ್ನದು ಇಲ್ಲದ ವಿದೇಶಿ ವಕೀಲರೂ ಈ ಓಡಾಟಕ್ಕೆ ಹೆಗಲು ಕೊಡಬಹುದು.

ಅಪಾಯ ಮತ್ತು ಮಾನಸಿಕ ಹೊರೆ

ಗುಂಡು, ಬಾಂಬುಗಳ ಅಪಾಯಕ್ಕಿಂತ ಫೆಲೋಗಳಿಗೆ ಹೆಚ್ಚಾಗಿ ಎದುರಾಗುವುದು ವೀಸಾ ರದ್ದು, ಗಡೀಪಾರು, ಫೋನು ಮತ್ತು ಲ್ಯಾಪ್‌ಟಾಪ್‌ಗಳ ಮೇಲಿನ ಕಣ್ಗಾವಲು. ಆಪತ್ತು ಬಂದರೆ ಅವರು ವಿಮಾನ ಹತ್ತಿ ಊರಿಗೆ ಮರಳಬಹುದು. ಅವರ ಜೊತೆಗಿದ್ದ ದುಭಾಷಿ, ಚಾಲಕ, ಹೇಳಿಕೆ ಕೊಟ್ಟ ಗ್ರಾಮಸ್ಥರು ಅಲ್ಲೇ ಉಳಿಯುತ್ತಾರೆ. ಸುರಕ್ಷತೆಯ ಯೋಜನೆ ಇವರನ್ನೂ ಒಳಗೊಳ್ಳಬೇಕೆಂಬುದು ಈಗ ಒಪ್ಪಿತವಾದ ನಿಯಮ.

ಹಿಂಸೆಯ ವಿವರಗಳನ್ನು ದಿನಗಟ್ಟಲೆ ಕೇಳುವುದರಿಂದ ಕೇಳುವವರ ಮನಸ್ಸೂ ಜರ್ಜರಿತವಾಗುತ್ತದೆ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಿವಿಧ ದೇಶಗಳ 346 ಮಾನವ ಹಕ್ಕು ಕಾರ್ಯಕರ್ತರು ಪಾಲ್ಗೊಂಡಿದ್ದರು. ಅವರಲ್ಲಿ ಸುಮಾರು ಶೇ 19ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣಗಳೂ, ಸುಮಾರು ಶೇ 15ರಷ್ಟು ಮಂದಿಯಲ್ಲಿ ಖಿನ್ನತೆಯೂ ಕಂಡುಬಂದವು. ಗಟ್ಟಿಗರು ಇದನ್ನೆಲ್ಲ ನುಂಗಿಕೊಳ್ಳಬೇಕು ಎಂಬ ಹಳೆಯ ಧೋರಣೆ ನಿಧಾನವಾಗಿ ಸಡಿಲವಾಗಿ, ಹೊರಡುವ ಮುಂಚಿನ ತರಬೇತಿಯಲ್ಲಿ ಆಪ್ತಸಲಹೆಗೂ ಜಾಗ ಸಿಗುತ್ತಿದೆ.

ವಿಮರ್ಶೆ ಮತ್ತು ದಿಕ್ಕಿನ ಬದಲಾವಣೆ

ಕೆನ್ಯಾ ಮೂಲದ ಕಾನೂನು ವಿದ್ವಾಂಸ ಮಕಾವು ಮುಟುವಾ 2001ರ ಪ್ರಬಂಧದಲ್ಲಿ, ಮಾನವ ಹಕ್ಕು ಚಳವಳಿ ಜಗತ್ತನ್ನು ಅನಾಗರಿಕರು, ಬಲಿಪಶುಗಳು, ಉದ್ಧಾರಕರು ಎಂದು ಮೂರು ಪಾತ್ರಗಳಲ್ಲಿ ನೋಡುತ್ತದೆ ಎಂದು ಟೀಕಿಸಿದರು. ಉದ್ಧಾರಕನ ಪಾತ್ರ ಪಶ್ಚಿಮಕ್ಕೇ ಮೀಸಲು ಎಂಬುದು ಅವರ ಆಕ್ಷೇಪ. ಫೆಲೋಶಿಪ್‌ಗಳಿಗೆ ಈ ಟೀಕೆ ನೇರವಾಗಿ ತಾಗುತ್ತದೆ. ಒಬ್ಬ ವಿದೇಶಿ ಫೆಲೋನ ಒಂದು ವರ್ಷದ ಖರ್ಚಿನಲ್ಲಿ ಒಬ್ಬರಿಗಿಂತ ಹೆಚ್ಚು ಸ್ಥಳೀಯ ವಕೀಲರನ್ನು ನೇಮಿಸಿಕೊಳ್ಳಬಹುದಾದ ದೇಶಗಳು ಹಲವು. ಹೊರಗಿನವರು ಬರೆದ ವರದಿ ಅವರ ಮುಂದಿನ ಉದ್ಯೋಗಕ್ಕೆ ಮೆಟ್ಟಿಲಾಗುತ್ತದೆ, ಮಾಹಿತಿ ಕೊಟ್ಟವರ ಹೆಸರು ಅದರಲ್ಲಿ ಕಾಣಿಸುವುದೂ ಇಲ್ಲ ಎಂಬ ದೂರೂ ಇದೆ.

ಇದಕ್ಕೆ ಉತ್ತರವಾಗಿ ಹಲವು ಯೋಜನೆಗಳು ದಿಕ್ಕನ್ನೇ ತಿರುಗಿಸಿವೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಆರಂಭವಾದ ಕಾರ್ಯಕ್ರಮವೊಂದು ಆಫ್ರಿಕದ ವಕೀಲೆಯರಿಗೆ ಸ್ನಾತಕೋತ್ತರ ಶಿಕ್ಷಣ ಕೊಟ್ಟು, ತಮ್ಮ ದೇಶಕ್ಕೆ ಮರಳಿ ಮಹಿಳೆಯರ ಹಕ್ಕಿಗಾಗಿ ದುಡಿಯುವಂತೆ ಮಾಡುತ್ತದೆ. ಜಿನೀವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮೂಲನಿವಾಸಿಗಳಿಗೂ ಅಲ್ಪಸಂಖ್ಯಾತರಿಗೂ ಪ್ರತ್ಯೇಕ ಫೆಲೋಶಿಪ್‌ಗಳನ್ನು ನಡೆಸುತ್ತದೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಿಗೆ ನೆರವಾಗುವ ಯುವ ಫೆಲೋಗಳ ಖರ್ಚನ್ನು ಅವರನ್ನು ಕಳಿಸಿದ ವಿಶ್ವವಿದ್ಯಾಲಯವೇ ಭರಿಸಬೇಕಿತ್ತು. ಅದರಿಂದ ಶ್ರೀಮಂತ ವಿಶ್ವವಿದ್ಯಾಲಯಗಳಿಗೇ ಅನುಕೂಲವಾಗುತ್ತಿದ್ದುದರಿಂದ, ಅಭಿವೃದ್ಧಿಶೀಲ ದೇಶಗಳ ಅಭ್ಯರ್ಥಿಗಳಿಗಾಗಿ 2020ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪ್ರತ್ಯೇಕ ನಿಧಿ ಸ್ಥಾಪಿಸಿತು.

ಭಾರತ ಮತ್ತು ಕರ್ನಾಟಕ

ಭಾರತ ಇಂಥ ಫೆಲೋಗಳನ್ನು ಬರಮಾಡಿಕೊಳ್ಳುವ ದೇಶವೂ ಹೌದು, ಕಳಿಸುವ ದೇಶವೂ ಹೌದು. 1961ರ ವಕೀಲರ ಕಾಯ್ದೆಯಂತೆ ಇಲ್ಲಿ ಸನ್ನದು ಪಡೆದವರಷ್ಟೇ ವಕೀಲಿಕೆ ನಡೆಸಬಹುದು. ವಿದೇಶಿ ವಕೀಲರು ಆಗೊಮ್ಮೆ ಈಗೊಮ್ಮೆ ಬಂದು ತಮ್ಮ ದೇಶದ ಅಥವಾ ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಸಲಹೆ ಕೊಡುವುದಕ್ಕೆ ಅಡ್ಡಿಯಿಲ್ಲವೆಂದು 2018ರಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದಾಗಿ, ವಿದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಫೆಲೋಗಳಿಗೆ ಆಶ್ರಯ ಕೊಡುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಇದು ದೊಡ್ಡ ಕಟ್ಟು.

ಹೊರಹೋಗುವ ಭಾರತೀಯ ವಕೀಲರು ಇನ್ನೊಂದು ನಿಯಮವನ್ನು ಗಮನಿಸಬೇಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲಿಕೆ ನಡೆಸುತ್ತಿರುವವರು ಪೂರ್ಣಾವಧಿ ಸಂಬಳದ ನೌಕರಿ ಹಿಡಿಯುವಂತಿಲ್ಲ. ಹಿಡಿದರೆ ರಾಜ್ಯದ ವಕೀಲರ ಪರಿಷತ್ತಿಗೆ ತಿಳಿಸಿ ಅಷ್ಟು ಕಾಲ ವಕೀಲಿಕೆ ನಿಲ್ಲಿಸಬೇಕು. ಸಂಬಳದ ರೂಪದ ಫೆಲೋಶಿಪ್ ಒಪ್ಪಿಕೊಳ್ಳುವವರಿಗೆ ಈ ಪ್ರಶ್ನೆ ತಪ್ಪದು. ಭಾರತೀಯರು ಈ ಅವಕಾಶಗಳನ್ನು ತಲುಪಲು ಒಂದು ದಾರಿ ವಿದೇಶದಲ್ಲಿ ಎಲ್‌ಎಲ್‌ಎಂ ಓದುವುದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರ ಕೊಡುವ ಪ್ರಬುದ್ಧ ಸಾಗರೋತ್ತರ ವಿದ್ಯಾರ್ಥಿವೇತನ ಆ ಓದಿಗೆ ನೆರವಾಗುತ್ತದೆ, ಪದವಿಯ ನಂತರದ ಕ್ಷೇತ್ರಕಾರ್ಯ ಅದರ ಉದ್ದೇಶವಲ್ಲ.

ಬೆಂಗಳೂರಿನಲ್ಲಿ ನ್ಯಾಷನಲ್ ಲಾ ಸ್ಕೂಲ್ ಮತ್ತು 2000ದಲ್ಲಿ ಆರಂಭವಾದ ಆಲ್ಟರ್ನೇಟಿವ್ ಲಾ ಫೋರಂ ಈ ಕ್ಷೇತ್ರದ ಪರಿಚಿತ ಹೆಸರುಗಳು. ರಾಜ್ಯದ ಬೈಲಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಿಂದ ಟಿಬೆಟನ್ನರ ದೊಡ್ಡ ನೆಲೆಗಳಿವೆ; ಅವರ ಕಾನೂನು ಸ್ಥಾನಮಾನ ದೇಶ ವಿದೇಶಗಳ ಸಂಶೋಧಕರ ವಿಷಯವಾಗಿದೆ. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯ ಪೌರರೆಂಬ ನಿಲುವನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರ ಸಂಬಳ, ಪಾಸ್‌ಪೋರ್ಟ್ ಸಂಬಂಧದ ದೂರುಗಳನ್ನು ದಾಖಲಿಸುವಾಗ ಕನ್ನಡ, ತುಳು, ಬ್ಯಾರಿ ಬಲ್ಲ ವಕೀಲರಿಗೆ ದುಭಾಷಿಯ ಹಂಗಿಲ್ಲ. ಅವರ ಭಾಷಾಜ್ಞಾನ ಈ ಕೆಲಸದಲ್ಲಿ ದೊಡ್ಡ ಅರ್ಹತೆ.

ಗಡಿ ದಾಟದೆಯೇ ಇಂಥ ಕೆಲಸ ಮಾಡಿದವರೂ ಇದ್ದಾರೆ. 2013ರಲ್ಲಿ ದೆಹಲಿಯಿಂದ ಹೋದ ಕೆಲವು ಯುವ ವಕೀಲರು ಛತ್ತೀಸ್‌ಗಢದ ಬಸ್ತರ್‌ನಲ್ಲಿ ಜಗದಲ್‌ಪುರ ಲೀಗಲ್ ಏಡ್ ಗ್ರೂಪ್ ಕಟ್ಟಿ, ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ವಿಚಾರಣಾಧೀನ ಖೈದಿಗಳ ಪರ ವಾದಿಸಿದರು. ಸನ್ನದು ಇಲ್ಲಿಯದೇ ಆದ್ದರಿಂದ ಅವರು ನ್ಯಾಯಾಲಯದಲ್ಲೇ ನಿಲ್ಲಬಹುದಾಗಿತ್ತು.

ಇತ್ತೀಚಿನ ಸ್ಥಿತಿ

ಹಣದ ಮೂಲಗಳು ಬತ್ತುತ್ತಿವೆ. ಈ ಕ್ಷೇತ್ರದ ದೊಡ್ಡ ದಾನಿಯಾದ ಓಪನ್ ಸೊಸೈಟಿ ಪ್ರತಿಷ್ಠಾನ 2023ರಲ್ಲಿ ತನ್ನ ಸಿಬ್ಬಂದಿಯನ್ನು ಬಹುವಾಗಿ ಕಡಿತ ಮಾಡುವ ತೀರ್ಮಾನ ಪ್ರಕಟಿಸಿತು. 2025ರಲ್ಲಿ ಅಮೆರಿಕ ಸರ್ಕಾರ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದ್ದರಿಂದ, ಅದರ ಅನುದಾನ ನಂಬಿಕೊಂಡಿದ್ದ ಕಾನೂನು ನೆರವು ಕಾರ್ಯಕ್ರಮಗಳು ಹಲವು ದೇಶಗಳಲ್ಲಿ ಏಕಾಏಕಿ ನಿಂತವು. ರಷ್ಯಾದ 2012ರ ವಿದೇಶಿ ಏಜೆಂಟ್ ಕಾಯ್ದೆಯ ಮಾದರಿಯ ಕಾನೂನುಗಳು ಇತರ ದೇಶಗಳಲ್ಲೂ ಬಂದು, ವಿದೇಶಿ ಫೆಲೋನನ್ನು ಇಟ್ಟುಕೊಳ್ಳುವುದೇ ಸಂಸ್ಥೆಗೆ ತೊಡಕಾಗಬಹುದಾದ ಸ್ಥಿತಿ ಇದೆ.

ಇನ್ನೊಂದೆಡೆ ಕ್ಷೇತ್ರವೇ ಸ್ಥಳ ಬದಲಿಸಿದೆ. ಸಿರಿಯಾದ ಚಿತ್ರಹಿಂಸೆಯ ಪ್ರಕರಣದಲ್ಲಿ 2022ರ ಜನವರಿಯಲ್ಲಿ ಜರ್ಮನಿಯ ಕೋಬ್ಲೆನ್ಜ್ ನ್ಯಾಯಾಲಯ ಮಾಜಿ ಅಧಿಕಾರಿಯೊಬ್ಬನಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ, ಸಾಕ್ಷಿಗಳನ್ನು ಒಟ್ಟುಗೂಡಿಸುವಲ್ಲಿ ಮುಂದಿದ್ದವರು ಯುರೋಪಿಗೆ ವಲಸೆ ಬಂದಿದ್ದ ಸಿರಿಯಾದ ವಕೀಲರು. ದೇಶಭ್ರಷ್ಟ ವಕೀಲರಿಗೆ ಕೆಲಸ ಮುಂದುವರಿಸಲು ನೆಲೆ ಒದಗಿಸುವುದು ಹೊಸ ಫೆಲೋಶಿಪ್‌ಗಳ ಒಂದು ಉದ್ದೇಶವಾಗುತ್ತಿದೆ. ಊರು, ಭಾಷೆ, ಕಾನೂನು ಮೂರನ್ನೂ ಬಲ್ಲ ಇಂಥವರಿಗೆ ಹಣ ಸಿಕ್ಕರೆ ಒಂದು ವರ್ಷದ ಅವಧಿಯಲ್ಲಿ ಪರಿಚಯಕ್ಕೆಂದು ವ್ಯಯವಾಗುವ ತಿಂಗಳುಗಳು ಉಳಿಯುತ್ತವೆ. ಹೊರಗಿನಿಂದ ಬರುವ ಕಿರಿಯರ ಪಾತ್ರ ಅವರ ಮೊಕದ್ದಮೆಗೆ ಬೇಕಾದ ಸಂಶೋಧನೆ, ಕರಡು, ಅನುವಾದಗಳ ಕಡೆಗೆ ಸರಿಯುತ್ತಿದೆ.